ವಾಸ್ತು ಪರಿಮಾಣ: ಗೃಹಸ್ಥನಿಗೆ ಎಷ್ಟು ಮನೆ ಸಾಕು?

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ ವ್ರತ. ಈ ವ್ರತವನ್ನು ಸ್ವೀಕರಿಸುವ ಶ್ರಾವಕ-ಶ್ರಾವಿಕೆಯರು ಚಿನ್ನಕ್ಕೆ ತೂಕದ ಮಿತಿಯನ್ನೂ, ಹಣಕ್ಕೆ ಮೊತ್ತದ ಮಿತಿಯನ್ನೂ, ವಸ್ತ್ರಗಳಿಗೆ ಸಂಖ್ಯೆಯ ಮಿತಿಯನ್ನೂ ಇರಿಸಿಕೊಳ್ಳುವುದುಂಟು. ವಾಸದ ಮನೆಯ ವಿಷಯ ಬಂದಾಗ ಮಾತ್ರ "ಮನೆ: ಒಂದು" ಎಂದು ಬರೆದು ಮುಂದೆ ಸಾಗುವುದೇ ಹೆಚ್ಚು. ಆ ಒಂದು ಮನೆ ಎಂಟು ಚದರದ್ದೋ ನಲವತ್ತು ಚದರದ್ದೋ, ಅದರಲ್ಲಿ ವಾಸಿಸುವವರು ಇಬ್ಬರೋ ಹನ್ನೆರಡು ಮಂದಿಯೋ ಎಂಬ ವಿಚಾರ ಅಲ್ಲಿ ಏಳುವುದಿಲ್ಲ. ಗೃಹಸ್ಥನ ಜೀವಮಾನದ ದುಡಿಮೆಯ ಬಹುಭಾಗ ವ್ಯಯವಾಗುವುದು ಮನೆಗೇ. ಅಣ್ಣ-ತಮ್ಮಂದಿರಲ್ಲಿ ಮನಸ್ತಾಪ ಹುಟ್ಟುವುದೂ ಎಷ್ಟೋ ಸಲ ಮನೆಯ ಗೋಡೆಯ ನಿಮಿತ್ತದಿಂದಲೇ. ಇಷ್ಟು ದೊಡ್ಡ ಪರಿಗ್ರಹಕ್ಕೆ ಇಷ್ಟು ಸಡಿಲವಾದ ಮಿತಿಯನ್ನಿಟ್ಟರೆ ವ್ರತವು ಹೆಸರಿಗೆ ಮಾತ್ರ ಉಳಿಯುತ್ತದೆ. ಆದುದರಿಂದ ಒಂದು ಕುಟುಂಬದ ವಾಸಕ್ಕೆ ನಿಜವಾಗಿ ಎಷ್ಟು ಸ್ಥಳ ಬೇಕು, ಆ ಅಗತ್ಯವನ್ನು ವ್ರತದ ಮಿತಿಯಾಗಿ ಹೇಗೆ ನಿಶ್ಚಯಿಸಬೇಕು ಎಂಬುದು ಈ ಪಾಠದ ವಿಷಯ.

ಶಾಸ್ತ್ರದಲ್ಲಿ ಮನೆಯ ಸ್ಥಾನ

ಪರಿಗ್ರಹವು ಅಭ್ಯಂತರ, ಬಾಹ್ಯ ಎಂದು ಎರಡು ವಿಧ. ಮಿಥ್ಯಾತ್ವ, ನಾಲ್ಕು ಕಷಾಯಗಳು, ಒಂಬತ್ತು ನೋಕಷಾಯಗಳು ಸೇರಿ ಅಭ್ಯಂತರ ಪರಿಗ್ರಹ ಹದಿನಾಲ್ಕು. ಬಾಹ್ಯ ಪರಿಗ್ರಹ ಹತ್ತು. ಆ ಹತ್ತರ ಎಣಿಕೆ ಆರಂಭವಾಗುವುದೇ ಕ್ಷೇತ್ರ ಮತ್ತು ವಾಸ್ತುಗಳಿಂದ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಅತಿಚಾರಗಳನ್ನು ಹೇಳುವಾಗಲೂ ಕ್ಷೇತ್ರ-ವಾಸ್ತುಗಳ ಜೋಡಿಯೇ ಮೊದಲು ಬರುತ್ತದೆ. ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕ್ಷೇತ್ರವೆಂದರೆ ಬೆಳೆ ಬೆಳೆಯುವ ನೆಲವೆಂದೂ, ವಾಸ್ತುವೆಂದರೆ ಮನೆಯೆಂದೂ ಅರ್ಥ ವಿವರಿಸಿದ್ದಾರೆ. ಇಂದು ಲೋಕರೂಢಿಯಲ್ಲಿ "ವಾಸ್ತು" ಎಂದೊಡನೆ ಬಾಗಿಲಿನ ದಿಕ್ಕು, ಅಡುಗೆಮನೆಯ ಮೂಲೆ ಇವೇ ನೆನಪಿಗೆ ಬರುತ್ತವೆ. ವ್ರತಶಾಸ್ತ್ರದ ವಾಸ್ತುವಿಗೆ ಇವುಗಳ ಸಂಬಂಧವಿಲ್ಲ. ಅಲ್ಲಿ ಕೇಳುವ ಪ್ರಶ್ನೆ ಮನೆ ಯಾವ ದಿಕ್ಕಿಗಿದೆ ಎಂಬುದಲ್ಲ, ಎಷ್ಟಿದೆ ಎಂಬುದು.

ಗಮನಿಸಬೇಕಾದ ಮತ್ತೊಂದು ಸಂಗತಿಯೆಂದರೆ, ಮನೆಯು ಶ್ರಾವಕನ ಒಂದೇ ವ್ರತದಲ್ಲಿ ಅಲ್ಲ, ಮೂರು ವ್ರತಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಡೆತನದ ವಸ್ತುವಾಗಿ ಅದು ಪರಿಗ್ರಹ ಪರಿಮಾಣಕ್ಕೆ ಸೇರುತ್ತದೆ. ಮತ್ತೆ ಮತ್ತೆ ಬಳಸುವ ವಸ್ತುವಾದುದರಿಂದ ವಸ್ತ್ರ, ಶಯ್ಯೆ, ಆಸನ, ವಾಹನಗಳೊಡನೆ ಭೋಗೋಪಭೋಗ ಪರಿಮಾಣಕ್ಕೂ ಸೇರುತ್ತದೆ. ಗಮನಾಗಮನದ ಎಲ್ಲೆಯಾಗಿ, "ಇಂದು ಈ ಮನೆಯಿಂದಾಚೆಗೆ ಹೋಗುವುದಿಲ್ಲ" ಎಂದು ನಿಯಮ ಮಾಡುವಾಗ, ಅದು ದೇಶಾವಕಾಶಿಕ ವ್ರತದಲ್ಲಿ ಬರುತ್ತದೆ. ಅಂದಮೇಲೆ ಎಷ್ಟು ಮನೆ ನನ್ನದು, ಅದರಲ್ಲಿ ಎಷ್ಟನ್ನು ನಾನು ಬಳಸುತ್ತೇನೆ, ಅದರೊಳಗೆ ನಾನು ಎಷ್ಟು ನಿಲ್ಲಬಲ್ಲೆ ಎಂಬ ಮೂರು ಪ್ರಶ್ನೆಗಳನ್ನೂ ಶ್ರಾವಕನು ತನಗೆ ತಾನೇ ಹಾಕಿಕೊಳ್ಳಬೇಕಾಗುತ್ತದೆ.

ಮೂರ್ಛೆಯೇ ಪರಿಗ್ರಹ

ವಸ್ತುವಿಗಿಂತಲೂ ವಸ್ತುವಿನ ಮೇಲಿನ ಮಮತ್ವ, ಎಂದರೆ ಮೂರ್ಛೆ, ಪರಿಗ್ರಹದ ನಿಜವಾದ ಲಕ್ಷಣವೆಂದು ಆಗಮವು ಸಾರುತ್ತದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿರುವುದು ಅರ್ಥಗರ್ಭಿತವಾಗಿದೆ. ಅಳತೆ ಹಾಕುವುದು ಮನೆಗೆ. ಅಳತೆಗೆ ಒಳಗಾಗಬೇಕಾದುದು ಇಚ್ಛೆ.

ಇದಕ್ಕೆ ಆ ಗ್ರಂಥದಲ್ಲಿಯೇ ಸೂಚಿತವಾಗಿರುವ ಶ್ಮಶ್ರುನವನೀತನ ಕಥೆ ಉತ್ತಮ ನಿದರ್ಶನ. ಆತ ಒಬ್ಬ ಬಡವ. ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ಕಂಡು, ಅದನ್ನೇ ದಿನದಿನವೂ ತೆಗೆದು ಕೂಡಿಡುತ್ತ ಬಂದನು. ಕೂಡಿದ ತುಪ್ಪದ ಪಾತ್ರೆಯನ್ನು ಹುಲ್ಲಿನ ಗುಡಿಸಲಲ್ಲಿ ಕಾಲ ಬಳಿ ತೂಗಹಾಕಿ, ಚಳಿಗೆ ಬೆಂಕಿ ಮಾಡಿಕೊಂಡು ಮಲಗಿದನು. ಮಲಗಿದಲ್ಲೇ ಮನಸ್ಸು ಓಡಿತು. ತುಪ್ಪವನ್ನು ಮಾರಿ ವ್ಯಾಪಾರ ಮಾಡುವೆನು; ಸಾರ್ಥವಾಹನಾಗುವೆನು; ಸಾಮಂತನಾಗುವೆನು; ಅರಸನಾಗಿ, ಚಕ್ರವರ್ತಿಯಾಗಿ ಏಳು ಅಂತಸ್ತಿನ ಅರಮನೆಯಲ್ಲಿ ಪವಡಿಸುವೆನು; ಕಾಲೊತ್ತುವ ರಾಣಿಯನ್ನು "ನಿನಗೆ ಒತ್ತಲು ಬಾರದು" ಎಂದು ವಿನೋದದಿಂದ ಒದೆಯುವೆನು ಎಂದುಕೊಳ್ಳುತ್ತ ನಿಜವಾಗಿಯೇ ಕಾಲನ್ನು ಝಾಡಿಸಿದನು. ಪಾತ್ರೆ ಉರುಳಿತು, ತುಪ್ಪ ಬೆಂಕಿಗೆ ಬಿದ್ದಿತು, ಗುಡಿಸಲು ಹೊತ್ತಿತು. ಹೊರಬರಲಾರದೆ ಅವನು ಅಲ್ಲಿಯೇ ಸುಟ್ಟು ಸತ್ತನು.

ಅವನಿಗಿದ್ದುದು ಒಂದು ಹುಲ್ಲುಗುಡಿಸಲು. ಸ್ಥಳದ ಲೆಕ್ಕದಲ್ಲಿ ಅವನು ಅಲ್ಪಪರಿಗ್ರಹಿ. ಇಚ್ಛೆಯ ಲೆಕ್ಕದಲ್ಲಿ ಏಳು ಅಂತಸ್ತಿನ ಒಡೆಯ. ಕನ್ನಡ ನಾಡಿನಲ್ಲಿ ಪ್ರಚಲಿತವಾಗಿರುವ ಬಾಹುಬಲಿಯ ಚರಿತೆಯೂ ಇದೇ ತತ್ತ್ವವನ್ನು ಬೇರೊಂದು ದಿಕ್ಕಿನಿಂದ ತೋರಿಸುತ್ತದೆ. ಸರ್ವವನ್ನೂ ತ್ಯಜಿಸಿ ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ ಆ ಮಹಾತ್ಮನಿಗೂ "ಪಾದವಿಟ್ಟಿರುವ ನೆಲ ಭರತನದು" ಎಂಬ ಶಲ್ಯ ಉಳಿದಿತ್ತೆಂದೂ, ಭರತನು ಬಂದು ವಂದಿಸಿದಾಗ ಅದು ಕರಗಿ ಕೇವಲಜ್ಞಾನ ಉದಯಿಸಿತೆಂದೂ ಜನರು ಹೇಳುತ್ತಾರೆ. ನೆಲವು ಎರಡು ಪಾದಗಳಷ್ಟೇ ಆಗಿರಲಿ, ಆರು ಖಂಡಗಳಷ್ಟೇ ಆಗಿರಲಿ, ಬಂಧಿಸುವುದು ಅದರ ಕುರಿತಾದ ಭಾವ.

ಹಾಗಾದರೆ ಮನೆಯನ್ನು ಅಳೆಯುವುದು ನಿರರ್ಥಕವೇ? ಅಲ್ಲ. ಭಾವವು ಕಣ್ಣಿಗೆ ಕಾಣದು, ಗೋಡೆಯು ಕಾಣುತ್ತದೆ. ಗೃಹಸ್ಥನು ಭಾವವನ್ನು ನೇರವಾಗಿ ಹಿಡಿಯಲಾರದೆ ಅದರ ಬಾಹ್ಯ ನಿಮಿತ್ತವನ್ನು ಹಿಡಿಯುತ್ತಾನೆ. "ಮಮತ್ವವಿಲ್ಲ" ಎಂದು ಹೇಳುತ್ತ ದಿನದಿನಕ್ಕೆ ಕೋಣೆಗಳನ್ನು ಹೆಚ್ಚಿಸುವುದು ಆತ್ಮವಂಚನೆಯೇ ಸರಿ.

"ಒಂದೇ ಮನೆ" ಎಂಬ ನೆಪ

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ವ್ರತದ ಅತಿಚಾರಗಳನ್ನು ವಿವರಿಸುವಾಗ, ಮನೆ ಮತ್ತು ಹೊಲಗಳ ಮಿತಿಯನ್ನು ಜನರು ಮೀರುವುದು "ಯೋಗ"ದಿಂದ, ಎಂದರೆ ಕೂಡಿಸುವುದರಿಂದ ಎಂದು ತೋರಿಸಿದ್ದಾರೆ. ಒಂದೇ ಮನೆಯೆಂದು ನಿಯಮ ಮಾಡಿದವನು ಪಕ್ಕದ ಮನೆಯನ್ನು ಕೊಂಡು, ನಡುವಿನ ಗೋಡೆಯನ್ನು ತೆಗೆದು, "ಈಗಲೂ ಒಂದೇ" ಎನ್ನುತ್ತಾನೆ. ಒಂದೇ ಹೊಲವೆಂದವನು ಬದುವನ್ನು ಅಳಿಸುತ್ತಾನೆ. ಸಂಖ್ಯೆ ಕೆಡುವುದಿಲ್ಲ, ವ್ರತ ಕೆಡುತ್ತದೆ. ವ್ರತವು ಪೂರ್ಣವಾಗಿ ಮುರಿಯದೆ, ಪೂರ್ಣವಾಗಿ ಉಳಿಯದೆ ಮಾಲಿನ್ಯಕ್ಕೊಳಗಾಗುವ ಈ ಸ್ಥಿತಿಯೇ ಅತಿಚಾರ.

ಇಂದಿನ ನಗರಗಳಲ್ಲಿ ಇದರ ರೂಪಗಳು ಅನೇಕ. ಅಕ್ಕಪಕ್ಕದ ಎರಡು ಫ್ಲಾಟುಗಳನ್ನು ಒಂದು ಬಾಗಿಲಿನಿಂದ ಜೋಡಿಸುವುದು; ಒಂದೇ ನಿವೇಶನದ ಮೇಲೆ ಅಂತಸ್ತಿನ ಮೇಲೆ ಅಂತಸ್ತನ್ನು ಏರಿಸುವುದು; ಎರಡನೆಯ ಮನೆಯನ್ನು ಪತ್ನಿಯ ಹೆಸರಿನಲ್ಲಿ, ಮೂರನೆಯದನ್ನು ಇನ್ನೂ ಶಾಲೆಗೆ ಹೋಗುವ ಮಗನ ಹೆಸರಿನಲ್ಲಿ ಬರೆಸುವುದು. ಕಾಗದಪತ್ರಗಳಲ್ಲಿ ಇವೆಲ್ಲ ನಿರ್ದುಷ್ಟವಾಗಿರಬಹುದು. ವ್ರತವು ನೋಡುವುದು ನೋಂದಣಿ ಕಚೇರಿಯ ಪುಸ್ತಕವನ್ನಲ್ಲ, ವ್ರತಿಯ ಅಂತಃಕರಣವನ್ನು. ಆದುದರಿಂದ ವಾಸ್ತು ಪರಿಮಾಣವನ್ನು ಮನೆಗಳ ಸಂಖ್ಯೆಯಿಂದ ಮಾತ್ರವಲ್ಲದೆ ವಿಸ್ತೀರ್ಣದಿಂದಲೂ ನಿರ್ಣಯಿಸುವುದು ಶ್ರೇಯಸ್ಕರ.

ಅತಿ ಕಿರಿದಾದರೂ ದೋಷವುಂಟು

ಮಿತಿಯೆಂದರೆ ಇಕ್ಕಟ್ಟೆಂದು ಭಾವಿಸಬಾರದು. ಇಕ್ಕಟ್ಟಿನ ವಾಸವೂ ಸಂಕ್ಲೇಶ ಪರಿಣಾಮಕ್ಕೆ ಕಾರಣವಾಗುತ್ತದೆ. ಭಾರತದ ೨೦೧೧ರ ಜನಗಣತಿಯಂತೆ ದೇಶದ ಕುಟುಂಬಗಳಲ್ಲಿ ನೂರಕ್ಕೆ ಸುಮಾರು ೩೭ ಒಂದೇ ಕೋಣೆಯಲ್ಲಿ ವಾಸಿಸುತ್ತಿದ್ದವು. ಮತ್ತೆ ಸುಮಾರು ೩೨ ಕುಟುಂಬಗಳಿಗೆ ಇದ್ದುದು ಎರಡು ಕೋಣೆ. ಮುಂಬಯಿಯಲ್ಲಿ ೧೯೨೦ರ ದಶಕದಲ್ಲಿ ಕಟ್ಟಲಾದ ಬಿ.ಡಿ.ಡಿ. ಚಾಳುಗಳ ಒಂದೊಂದು ಖೋಲಿ ಕೇವಲ ೧೬೦ ಚದರ ಅಡಿ. ಅಷ್ಟರಲ್ಲಿಯೇ ತಲೆಮಾರುಗಳು ಬಾಳಿದವು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಹೊರಡಿಸಿದ ವಸತಿ ಮತ್ತು ಆರೋಗ್ಯ ಮಾರ್ಗಸೂಚಿಯಲ್ಲಿ, ಕ್ಷಯದಂತಹ ಸೋಂಕುರೋಗಗಳು ಇಕ್ಕಟ್ಟಿನ ಮನೆಗಳಲ್ಲಿ ಹರಡುವುದನ್ನು ಎತ್ತಿ ಹೇಳಿ, ಜನಸಾಂದ್ರತೆಯನ್ನು ತಗ್ಗಿಸಬೇಕೆಂದು ಬಲವಾಗಿ ಸೂಚಿಸಿದೆ. ಒಂದು ಕೋಣೆಗೆ ಮೂವರಿಗಿಂತ ಹೆಚ್ಚು ಮಂದಿ ಇದ್ದರೆ ಅದನ್ನು ಸಾಲದ ವಸತಿಯೆಂದು ವಿಶ್ವಸಂಸ್ಥೆಯ ವಸತಿ ವಿಭಾಗವು ಪರಿಗಣಿಸುತ್ತದೆ.

ಕನಿಷ್ಠವೆಷ್ಟು ಎಂಬುದಕ್ಕೆ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಅಳತೆಗಳನ್ನು ಕೊಟ್ಟಿದೆ. ವಾಸದ ಕೋಣೆ ೯.೫ ಚದರ ಮೀಟರಿಗೆ ಕಡಿಮೆಯಿರಬಾರದು, ಅಗಲ ೨.೪ ಮೀಟರು ಇರಬೇಕು. ಎರಡು ಕೋಣೆಗಳಿದ್ದಲ್ಲಿ ಎರಡನೆಯದು ೭.೫ ಚದರ ಮೀಟರು ಆಗಬಹುದು. ಅಡುಗೆಮನೆ ೫ ಚದರ ಮೀಟರು, ಸ್ನಾನದ ಮನೆ ೧.೮, ಶೌಚಾಲಯ ೧.೧ ಚದರ ಮೀಟರು. ಕೋಣೆಯ ಎತ್ತರ ೨.೭೫ ಮೀಟರು. ಒಂದು ಚದರ ಮೀಟರಿಗೆ ಸುಮಾರು ಹತ್ತೂಮುಕ್ಕಾಲು ಚದರ ಅಡಿ. ಆ ಪ್ರಕಾರ ೯.೫ ಚದರ ಮೀಟರು ಎಂದರೆ ಸುಮಾರು ೧೦೨ ಚದರ ಅಡಿಯ ಕೋಣೆ. ಬಡ ಕುಟುಂಬಗಳಿಗಾಗಿ ಗ್ರಾಮಗಳಲ್ಲಿ ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆ ಅಡುಗೆಯ ಸ್ಥಳವೂ ಸೇರಿ ಕನಿಷ್ಠ ೨೫ ಚದರ ಮೀಟರು, ಎಂದರೆ ಸುಮಾರು ೨೬೯ ಚದರ ಅಡಿ.

ಈ ಅಂಕಿಗಳು ಶ್ರಾವಕನಿಗೆ ಆದರ್ಶವಲ್ಲ, ಕೆಳಗಿನ ಎಲ್ಲೆ. ಮೇಲಿನ ಎಲ್ಲೆಯನ್ನು ಯಾವ ಸಂಹಿತೆಯೂ ಹೇಳುವುದಿಲ್ಲ. ಅದನ್ನು ಹೇಳಬೇಕಾದುದು ವ್ರತ.

ಗೃಹದಲ್ಲಿ ನಡೆಯಬೇಕಾದ ಧರ್ಮಕಾರ್ಯಗಳು

ಮನೆ ಎಷ್ಟು ಬೇಕೆಂದು ನಿಶ್ಚಯಿಸುವ ಮೊದಲು ಮನೆಯಲ್ಲಿ ಏನು ನಡೆಯಬೇಕೆಂದು ನಿಶ್ಚಯಿಸಬೇಕು. ಉಣ್ಣುವುದು, ಮಲಗುವುದು, ಮಕ್ಕಳ ಓದು, ರೋಗಿಯ ಶುಶ್ರೂಷೆ ಇವು ಎಲ್ಲರ ಮನೆಗಳಿಗೂ ಸಮಾನ. ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನ ಎಂಬ ಷಟ್ಕರ್ಮಗಳಿಗೆ ಅವಕಾಶವಿರಬೇಕಾದುದು ಶ್ರಾವಕನ ಮನೆಯ ವಿಶೇಷ.

ಅಡುಗೆಯ ಮನೆಗೆ ಹಗಲಿನ ಬೆಳಕು ಚೆನ್ನಾಗಿ ಬೀಳಬೇಕು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಕುಟುಂಬಕ್ಕೆ ಕತ್ತಲೆಯ ಅಡುಗೆಮನೆ ದೊಡ್ಡ ತೊಡಕು. ಧಾನ್ಯವನ್ನು ಆರಿಸುವಾಗ, ತರಕಾರಿಯನ್ನು ಶೋಧಿಸುವಾಗ ಸೂಕ್ಷ್ಮಜೀವಿಗಳು ಕಣ್ಣಿಗೆ ಬೀಳುವುದು ಹಗಲಿನ ಬೆಳಕಿನಲ್ಲಿ. ನೀರನ್ನು ಸೋಸಲು, ಸೋಸಿದ ಪಾತ್ರೆಗಳನ್ನಿಡಲು, ಕಾಳುಕಡ್ಡಿಗಳನ್ನು ತೇವವಿಲ್ಲದೆ ಕಾಪಾಡಲು ತಕ್ಕಷ್ಟು ಸ್ಥಳ ಬೇಕು. ಮುನಿಗಳು ಊರಿಗೆ ಬಂದಾಗ ಆಹಾರದಾನದ ಭಾಗ್ಯ ದೊರೆತರೆ, ಪ್ರತಿಗ್ರಹ ಮಾಡಿ ಒಳಗೆ ಕರೆತಂದು, ಉಚ್ಚಾಸನವಿತ್ತು, ಪಾದಪ್ರಕ್ಷಾಳನ, ಪೂಜೆಗಳನ್ನು ಮಾಡಿ, ನಿಂತು ಪಾಣಿಪಾತ್ರದಲ್ಲಿ ಆಹಾರ ಸ್ವೀಕರಿಸುವ ಅವರ ಸುತ್ತ ನಾಲ್ಕಾರು ಮಂದಿ ನಿಲ್ಲುವಷ್ಟು ಶುದ್ಧವಾದ ನೆಲವಿರಬೇಕು. ಇದಕ್ಕೆ ಪ್ರತ್ಯೇಕ ಕೋಣೆ ಅಗತ್ಯವಿಲ್ಲ. ಸಾಮಾನುಗಳನ್ನು ತುಂಬದೆ ಉಳಿಸಿದ ಊಟದ ಸ್ಥಳವೇ ಸಾಕು.

ಸಾಮಾಯಿಕಕ್ಕೆ ಯೋಗ್ಯವಾದ ಏಕಾಂತ ಸ್ಥಳಗಳನ್ನು ಹೇಳುವಾಗ ಸಮಂತಭದ್ರರು ವನ, ಚೈತ್ಯಾಲಯಗಳ ಜೊತೆಗೆ ಮನೆಯನ್ನೂ ಹೇಳಿದ್ದಾರೆ. ವಿಕ್ಷೇಪವಿಲ್ಲದಿರುವುದೇ ಅಲ್ಲಿ ಮುಖ್ಯ. ಅಷ್ಟಮಿ, ಚತುರ್ದಶಿಗಳಂದು ಪ್ರೋಷಧೋಪವಾಸ ಮಾಡುವ ತಾಯಿಗೆ ಮನೆಯಲ್ಲಿ ಒಂದು ಚಾಪೆಯಷ್ಟು ನಿಶ್ಶಬ್ದ ಸ್ಥಳ ದೊರೆಯದಿದ್ದರೆ, ನಲವತ್ತು ಚದರದ ಮನೆಯೂ ಆಕೆಯ ಪಾಲಿಗೆ ಕಿರಿದೇ. ಎಷ್ಟೋ ಮನೆಗಳಲ್ಲಿ ದೂರದರ್ಶನದ ಪೆಟ್ಟಿಗೆಗೆ ದೊಡ್ಡ ಹಜಾರವಿದೆ, ಜಪದ ಮಣೆಗೆ ಮೂಲೆಯಿಲ್ಲ. ಕೊರತೆ ಸ್ಥಳದ್ದಲ್ಲ, ವಿಂಗಡಣೆಯದು.

ಒಂದು ಲೆಕ್ಕ

ಉದಾಹರಣೆಗೆ, ವೃದ್ಧ ತಂದೆತಾಯಿ, ದಂಪತಿಗಳು, ಇಬ್ಬರು ಮಕ್ಕಳು, ಹೀಗೆ ಆರು ಮಂದಿಯ ಕುಟುಂಬವನ್ನು ತೆಗೆದುಕೊಳ್ಳಬಹುದು.

ಹಿರಿಯರ ಕೋಣೆ ೧೦ x ೧೧ ಅಡಿ: ೧೧೦ ಚದರ ಅಡಿ.
ದಂಪತಿಗಳ ಕೋಣೆ ೧೦ x ೧೧ ಅಡಿ: ೧೧೦.
ಮಕ್ಕಳ ಕೋಣೆ ೯ x ೧೦ ಅಡಿ: ೯೦.
ನಡುಮನೆ ೧೨ x ೧೪ ಅಡಿ: ೧೬೮.
ಅಡುಗೆ ಮತ್ತು ಊಟದ ಸ್ಥಳ ೧೦ x ೧೪ ಅಡಿ: ೧೪೦.
ಸ್ನಾನದ ಮನೆ ೪ x ೬ ಅಡಿ: ೨೪.
ಎರಡು ಶೌಚಾಲಯ, ಒಂದೊಂದು ೩ x ೪ ಅಡಿ: ೨೪.
ಉಗ್ರಾಣ ೫ x ೬ ಅಡಿ: ೩೦.
ಜಪ, ಸ್ವಾಧ್ಯಾಯದ ಸ್ಥಳ ೫ x ೬ ಅಡಿ: ೩೦.

ಒಟ್ಟು ೭೨೬ ಚದರ ಅಡಿ. ನಡೆದಾಡುವ ಓಣಿಗೆಂದು ಸುಮಾರು ಹತ್ತರಲ್ಲೊಂದು ಪಾಲನ್ನು ಸೇರಿಸಿದರೆ ೮೦೦ ಚದರ ಅಡಿ. ಕಟ್ಟಡದ ಮೇಸ್ತ್ರಿಗಳು ನೂರು ಚದರ ಅಡಿಗೆ ಒಂದು ಚದರವೆಂದು ಎಣಿಸುವ ರೂಢಿಯಂತೆ ಎಂಟು ಚದರ. ತಲೆಗೆ ಸುಮಾರು ೧೩೩ ಚದರ ಅಡಿ. ಮೂರು ಮಲಗುವ ಕೋಣೆ, ಅಡುಗೆಮನೆ, ಸ್ನಾನಗೃಹ, ಶೌಚಾಲಯಗಳಿಗೆ ಸಂಹಿತೆಯ ಕನಿಷ್ಠ ಅಳತೆಗಳನ್ನೇ ಕೂಡಿಸಿದರೆ ೩೨.೪ ಚದರ ಮೀಟರು, ಸುಮಾರು ೩೫೦ ಚದರ ಅಡಿ ಮಾತ್ರ ಆಗುತ್ತದೆ. ಅಂದಮೇಲೆ ಮೇಲಿನ ಲೆಕ್ಕವು ಜಿಪುಣತನದ್ದಲ್ಲ, ಅತಿಥಿಗೂ ಅವಕಾಶವಿರುವ ಸುಖವಾಸದ ಲೆಕ್ಕ. ೩೦ x ೪೦ ಅಡಿಯ ಸಾಮಾನ್ಯ ನಿವೇಶನವೇ ೧,೨೦೦ ಚದರ ಅಡಿ. ಗೋಡೆಗಳ ದಪ್ಪವನ್ನು ಸೇರಿಸಿದರೂ ಇಷ್ಟು ಮನೆ ಅಂತಹ ನಿವೇಶನದಲ್ಲಿ ಎರಡು ಅಂತಸ್ತಿನಲ್ಲಿ ಧಾರಾಳವಾಗಿ ಕೂರುತ್ತದೆ, ಹಿತ್ತಲಿಗೂ ನೆಲ ಉಳಿಯುತ್ತದೆ.

ಅಳೆಯುವಾಗ ಒಂದು ಎಚ್ಚರಿಕೆ ಅಗತ್ಯ. ಮಾರುವವರು ಹೇಳುವ ವಿಸ್ತೀರ್ಣದಲ್ಲಿ ಮೆಟ್ಟಿಲು, ಮೊಗಸಾಲೆಗಳ ಪಾಲೂ ಸೇರಿರಬಹುದು. ೨೦೧೬ರ ಸ್ಥಿರಾಸ್ತಿ ಅಧಿನಿಯಮವು ಹೇಳುವ ಕಾರ್ಪೆಟ್ ವಿಸ್ತೀರ್ಣದಲ್ಲಿ ಹೊರಗೋಡೆ, ಬಾಲ್ಕನಿ, ವರಾಂಡಗಳು ಸೇರುವುದಿಲ್ಲ. ಒಳಗಿನ ಅಡ್ಡಗೋಡೆಗಳು ಸೇರುತ್ತವೆ. ವ್ರತಕ್ಕೆ ಯಾವ ಅಳತೆಯನ್ನು ಹಿಡಿದರೂ ಸರಿಯೆ, ಮೊದಲಿನಿಂದ ಕೊನೆಯವರೆಗೆ ಅದೊಂದನ್ನೇ ಹಿಡಿಯಬೇಕು.

ಹೆಚ್ಚಾದ ಕೋಣೆಯ ಬೆಲೆ

ಗೃಹಸ್ಥನ ಹಿಂಸೆಯು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ವಿಧ. ಮನೆ ಕಟ್ಟುವುದು, ಕಾಪಾಡುವುದು ಆರಂಭಿ ಹಿಂಸೆಗೆ ಸೇರುತ್ತವೆ. ಗೃಹಸ್ಥನು ಇದನ್ನು ಪೂರ್ಣವಾಗಿ ಬಿಡಲಾರ. ಆದರೆ ಅಗತ್ಯವನ್ನು ಮೀರಿದ ಆರಂಭಕ್ಕೆ ಅವನಿಗೆ ಯಾವ ಸಮಾಧಾನವೂ ಇಲ್ಲ. ಮೂರು ಮೀಟರು ಉದ್ದ, ಮೂರು ಮೀಟರು ಅಗಲ, ೨.೭೫ ಮೀಟರು ಎತ್ತರದ ಒಂದು ಕೋಣೆಗೆ ಇಪ್ಪತ್ತು ಸೆಂಟಿಮೀಟರು ದಪ್ಪದ ಗೋಡೆ ಕಟ್ಟಲು, ಬಾಗಿಲು ಕಿಟಕಿಗಳನ್ನು ಕಳೆದು, ಸುಮಾರು ಮೂರು ಸಾವಿರ ಇಟ್ಟಿಗೆ ಬೇಕು. ಘನ ಮೀಟರಿಗೆ ಸುಮಾರು ೫೦೦ ಇಟ್ಟಿಗೆಯ ಲೆಕ್ಕದಲ್ಲಿ ಇದನ್ನು ಯಾರೂ ಕೂಡಿಸಿ ನೋಡಬಹುದು. ಅಷ್ಟು ಮಣ್ಣನ್ನು ಅಗೆದು, ಅಷ್ಟನ್ನು ಬೆಂಕಿಯಲ್ಲಿ ಸುಟ್ಟು, ಅಷ್ಟಕ್ಕೆ ನೀರುಣಿಸಿದ ಮೇಲೆ ಒಂದು ಕೋಣೆ. ಪೃಥ್ವೀಕಾಯ, ಅಗ್ನಿಕಾಯ, ಜಲಕಾಯ ಜೀವಗಳ ವಿರಾಧನೆ ಅದರಲ್ಲಿ ಅಡಗಿದೆ. ಆ ಕೋಣೆಯಲ್ಲಿ ಒಬ್ಬರು ಮಲಗುವರಾದರೆ ಅದು ಅಗತ್ಯ. ಬೀಗ ಹಾಕಿ ಬಿಡುವುದಾದರೆ ಅದು ಅನರ್ಥ.

ಹಿಂಸೆ ಅಲ್ಲಿಗೆ ನಿಲ್ಲುವುದಿಲ್ಲ. ಬಳಕೆಯಿಲ್ಲದ ಕೋಣೆಯಲ್ಲಿ ಜೇಡ, ಜಿರಲೆ, ಗೆದ್ದಲುಗಳು ನೆಲೆಸುತ್ತವೆ. ವರ್ಷಕ್ಕೊಮ್ಮೆ ಬಾಗಿಲು ತೆರೆದು ವಿಷದ ದ್ರಾವಣವನ್ನು ಸಿಂಪಡಿಸುವಾಗ ಸಾಯುವ ಜೀವಗಳ ಲೆಕ್ಕ ಯಾರಿಗೂ ಸಿಗದು. ನಿತ್ಯ ಗುಡಿಸಿ, ಗಾಳಿ ಬೆಳಕು ಆಡುವ ಚಿಕ್ಕ ಮನೆಯಲ್ಲಿ ಈ ಪ್ರಸಂಗವೇ ವಿರಳ. ಯತ್ನಾಚಾರದಿಂದ ನೋಡಿಕೊಳ್ಳಲಾಗುವಷ್ಟೇ ಮನೆ ಶ್ರಾವಕನಿಗೆ ತಕ್ಕ ಮನೆ ಎಂಬ ಸೂತ್ರವನ್ನು ಇದರಿಂದ ಗ್ರಹಿಸಬಹುದು.

ಎರಡನೆಯದು ಶ್ರಾವಿಕೆಯ ಶ್ರಮ. ೮೦೦ ಚದರ ಅಡಿಯ ನೆಲವನ್ನು ಗುಡಿಸಿ ಒರೆಸುವವಳಿಗೂ ೨,೪೦೦ ಚದರ ಅಡಿಯನ್ನು ಗುಡಿಸಿ ಒರೆಸುವವಳಿಗೂ ದಿನವು ಒಂದೇ ಅಳತೆಯದು. ಮೂರುಪಟ್ಟು ನೆಲ ಅವಳ ಸ್ವಾಧ್ಯಾಯದ ವೇಳೆಯನ್ನು ನುಂಗುತ್ತದೆ. ಇಲ್ಲವೆ ಇನ್ನೊಬ್ಬ ಬಡ ಹೆಣ್ಣುಮಗಳ ಬೆನ್ನಿಗೆ ಆ ಭಾರ ಬೀಳುತ್ತದೆ.

ಮೂರನೆಯದು ಸಾಲ. ಅಗತ್ಯವಿಲ್ಲದ ಅಂತಸ್ತಿಗಾಗಿ ಇಪ್ಪತ್ತು ಲಕ್ಷ ರೂಪಾಯಿಗಳನ್ನು ನೂರಕ್ಕೆ ಎಂಟೂವರೆ ಬಡ್ಡಿಯಲ್ಲಿ ಇಪ್ಪತ್ತು ವರ್ಷಗಳ ಅವಧಿಗೆ ತಂದರೆ, ತಿಂಗಳ ಕಂತು ಸುಮಾರು ೧೭,೩೫೦ ರೂಪಾಯಿ. ತೀರಿಸುವ ಹೊತ್ತಿಗೆ ಕೊಟ್ಟ ಮೊತ್ತ ನಲವತ್ತೊಂದೂವರೆ ಲಕ್ಷವನ್ನು ದಾಟುತ್ತದೆ. ಸಮಂತಭದ್ರರು ಈ ವ್ರತದ ಅತಿಚಾರಗಳಾಗಿ ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನ ಎಂಬ ಐದನ್ನು ಹೇಳಿದ್ದಾರೆ. ಅತಿಭಾರವಾಹನವೆಂದರೆ ಲೋಭದಿಂದ ಪಶುಗಳ ಮೇಲೆ ಶಕ್ತಿ ಮೀರಿ ಹೊರೆ ಹೇರುವುದು. ಆ ಮಾತನ್ನು ವಿಸ್ತರಿಸಿ ನೋಡಿದರೆ, ನೆರೆಯವರ ಮನೆಯನ್ನು ಕಂಡು ವಿಸ್ಮಯಗೊಂಡು, ಲೋಭದಿಂದ ತನ್ನ ಮೇಲೂ ಮಕ್ಕಳ ಮೇಲೂ ಇಪ್ಪತ್ತು ವರ್ಷಗಳ ಹೊರೆಯನ್ನು ಹೇರುವವನ ಸ್ಥಿತಿಯೂ ಬೇರೆಯಲ್ಲ. ಕಂತಿನ ಚಿಂತೆಯಲ್ಲಿ ವ್ಯಾಪಾರದಲ್ಲಿ ಸುಳ್ಳು ನುಸುಳುತ್ತದೆ; ದಾನದ ಕೈ ಹಿಂಜರಿಯುತ್ತದೆ. ಒಂದು ವ್ರತ ಸಡಿಲವಾದರೆ ಉಳಿದ ವ್ರತಗಳೂ ಅಲುಗಾಡುವುದು ಹೀಗೆ.

ಉಳಿದ ಸ್ಥಳ ಮತ್ತು ಆವಾಸದಾನ

ಹಿರಿಯರು ಕಟ್ಟಿದ ಹತ್ತಾರು ಅಂಕಣದ ಮನೆಗಳಲ್ಲಿ ಇಂದು ಇಬ್ಬರು ವೃದ್ಧರು ಮಾತ್ರ ಉಳಿದಿರುವುದು ಹಲವು ಊರುಗಳಲ್ಲಿ ಕಾಣುವ ಸ್ಥಿತಿ. ಆ ಮನೆ ಅಂದು ಅತಿಯಾಗಿರಲಿಲ್ಲ. ಇಪ್ಪತ್ತು ಮಂದಿ ಅಲ್ಲಿ ಉಂಡು ಮಲಗುತ್ತಿದ್ದರು. ಮಂದಿ ಕಡಿಮೆಯಾದಾಗ ಮನೆ ತಾನಾಗಿ ಪರಿಗ್ರಹವಾಗಿ ಬೆಳೆಯುತ್ತದೆ. ಇದಕ್ಕೆ ಪರಿಹಾರವೇನು? ಪಿತ್ರಾರ್ಜಿತವನ್ನು ಕೆಡವಬೇಕೆಂದು ಯಾರೂ ಹೇಳುವುದಿಲ್ಲ.

ಸಮಂತಭದ್ರರು ದಾನದ ನಾಲ್ಕು ವಿಧಗಳನ್ನು ಆಹಾರ, ಔಷಧ, ಉಪಕರಣ, ಆವಾಸ ಎಂದು ಎಣಿಸಿರುವುದು ಇಲ್ಲಿ ದಾರಿ ತೋರುತ್ತದೆ. ತಂಗಲು ಸ್ಥಳ ಕೊಡುವುದೂ ದಾನವೇ. ಮುಖ್ಯವಾಗಿ ಇದು ಸಂಯಮಿಗಳ ವೈಯಾವೃತ್ಯದ ಸಂದರ್ಭದಲ್ಲಿ ಹೇಳಿದ ಮಾತಾದರೂ, ಕರುಣಾಬುದ್ಧಿಯಿಂದ ಇತರರಿಗೂ ಅದನ್ನು ಅನ್ವಯಿಸಬಹುದು. ಓದಲು ಬಂದ ಬಡ ವಿದ್ಯಾರ್ಥಿಗೆ ಒಂದು ಕೋಣೆ. ಆಸ್ಪತ್ರೆಗೆ ರೋಗಿಯನ್ನು ಕರೆತಂದ ಗ್ರಾಮಾಂತರದ ಕುಟುಂಬಕ್ಕೆ ಒಂದು ವಾರದ ವಸತಿ. ತೀರ್ಥಯಾತ್ರಿಗಳಿಗೆ ಒಂದು ರಾತ್ರಿಯ ತಂಗುದಾಣ. ಮಕ್ಕಳ ಪಾಠಶಾಲೆಗೆ ಪಡಸಾಲೆ. ಹೀಗೆ ಕೊಟ್ಟ ಸ್ಥಳ ವ್ರತಿಯ ಉಪಭೋಗದಿಂದ ಹೊರಗಾಗುತ್ತದೆ. ಗೋಡೆ ಅಲ್ಲೇ ಇರುತ್ತದೆ, ಮಮತ್ವ ತಗ್ಗುತ್ತದೆ. ಬಾಡಿಗೆಗೆ ಕೊಡುವುದು ವ್ಯವಹಾರ. ಅದು ದೋಷವಲ್ಲ, ದಾನವೂ ಅಲ್ಲ. ಎರಡನ್ನೂ ಬೆರೆಸಬಾರದು.

ಪಾಲಿನ ಸಮಯದಲ್ಲಿಯೂ ಈ ವ್ರತ ಉಪಕಾರಿ. "ನನಗೆ ಇಷ್ಟು ಸಾಕು" ಎಂದು ಮೊದಲೇ ನಿಶ್ಚಯಿಸಿಕೊಂಡ ತಮ್ಮನು ಅಣ್ಣನ ಎದುರು ಅರ್ಧ ಅಂಕಣಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಅವನು ಬಿಟ್ಟದ್ದು ಅರ್ಧ ಅಂಕಣ, ಉಳಿಸಿಕೊಂಡದ್ದು ಒಡಹುಟ್ಟಿದವನನ್ನು.

ವ್ರತವನ್ನು ಸ್ವೀಕರಿಸುವ ಕ್ರಮ

ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯ ಧರ್ಮದ ದಿನ ಈ ನಿಯಮಕ್ಕೆ ಅತ್ಯಂತ ಯೋಗ್ಯ. ಅದಕ್ಕೆ ಮೊದಲು ಕುಟುಂಬದವರೆಲ್ಲ ಕುಳಿತು ಈಗಿರುವ ಮನೆಯನ್ನು ಅಳೆದು ಬರೆಯಬೇಕು. ಯಾವ ಕೋಣೆಯನ್ನು ಯಾರು, ದಿನಕ್ಕೆ ಎಷ್ಟು ಹೊತ್ತು ಬಳಸುತ್ತಾರೆಂದು ಗುರುತಿಸಬೇಕು. ಮಕ್ಕಳ ವಿವಾಹ, ವೃದ್ಧರ ಅಸ್ವಸ್ಥತೆ ಮುಂತಾದ ನಿಶ್ಚಿತ ಅಗತ್ಯಗಳನ್ನು ಪರಿಗಣಿಸಬಹುದು; ಊಹೆಯ ಅಗತ್ಯಗಳನ್ನಲ್ಲ. ಅನಂತರ ಮಿತಿಯನ್ನು ನಿಶ್ಚಯಿಸಿ, ಗುರುಗಳ ಸಾನ್ನಿಧ್ಯದಲ್ಲಾಗಲಿ ಜಿನಬಿಂಬದ ಸಮ್ಮುಖದಲ್ಲಾಗಲಿ ಸ್ವೀಕರಿಸಬೇಕು. ಮೊದಲ ಸಲ ಒಂದು ವರ್ಷದ ಕಾಲಮಿತಿಯಿಟ್ಟು ನಿಯಮರೂಪವಾಗಿ ಪಾಲಿಸಿ, ನಿರಾಕುಲತೆ ಕಂಡಮೇಲೆ ಯಾವಜ್ಜೀವ ಯಮರೂಪವಾಗಿ ಸ್ವೀಕರಿಸುವುದು ಸುರಕ್ಷಿತ.

ಇರುವ ಮನೆ ಹತ್ತು ಚದರವಿದ್ದಾಗ ನೂರು ಚದರದ ಮಿತಿಯಿಡುವುದು ವ್ರತವನ್ನು ಹಾಸ್ಯಕ್ಕೀಡುಮಾಡಿದಂತೆ. ಎಂದೂ ಮುಟ್ಟದ ಎಲ್ಲೆ ಯಾವ ಇಚ್ಛೆಯನ್ನೂ ತಡೆಯದು. ಆವೇಶದಲ್ಲಿ ಶಕ್ತಿಗೆ ಮೀರಿದ ಸಂಕುಚಿತ ಮಿತಿಯಿಟ್ಟು ಆಮೇಲೆ ಮುರಿಯುವುದೂ ಯೋಗ್ಯವಲ್ಲ. ಇನ್ನೊಂದು ಮಾತನ್ನು ಯಜಮಾನನು ನೆನಪಿಡಬೇಕು: ವ್ರತವು ಸ್ವೀಕರಿಸಿದವನದು. ತಾನು ವ್ರತ ಹಿಡಿದು, ಸೊಸೆಯ ಅಡುಗೆಮನೆಯನ್ನೂ ಮಕ್ಕಳ ಓದಿನ ಕೋಣೆಯನ್ನೂ ಕಿರಿದುಗೊಳಿಸಿ, ತನ್ನ ಹಜಾರವನ್ನು ಮಾತ್ರ ಹಾಗೆಯೇ ಉಳಿಸಿಕೊಂಡರೆ ಅದು ತ್ಯಾಗವಲ್ಲ. ಮೊದಲು ಕುಗ್ಗಬೇಕಾದುದು ವ್ರತಿಯ ಸ್ವಂತ ಸ್ಥಳ.

ಅಣುವ್ರತದ ಈ ಮಿತಿ ಕೊನೆಯ ನಿಲುಗಡೆಯಲ್ಲ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಒಂಬತ್ತನೆಯದು ಪರಿಗ್ರಹತ್ಯಾಗ. ಹನ್ನೊಂದನೆಯದರಲ್ಲಿ ಮನೆಯೇ ಹಿಂದುಳಿಯುತ್ತದೆ. ಅದಕ್ಕೂ ಮೇಲೆ ನಾಲ್ಕು ಅಂಗುಲದ ಅಂತರದಲ್ಲಿ ಪಾದಗಳನ್ನಿಟ್ಟು ನಿಲ್ಲುವ, ನೆಲದ ಮೇಲೆಯೇ ಮಲಗುವ ಮುನಿಗಳ ಚರ್ಯೆ ಇದೆ. ಇಂದು ಒಂದು ಕೋಣೆಯನ್ನು "ಬೇಡ" ಎಂದು ಹೇಳಲು ಕಲಿತವನೇ ಮುಂದೊಂದು ದಿನ ಬಾಗಿಲನ್ನು ದಾಟಿ ನಡೆಯಲು ಸಮರ್ಥನಾಗುತ್ತಾನೆ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

೧. ವಾಸದ ಮನೆಯು ಶ್ರಾವಕನ ಯಾವ ಯಾವ ವ್ರತಗಳಲ್ಲಿ, ಯಾವ ಯಾವ ದೃಷ್ಟಿಯಿಂದ ಬರುತ್ತದೆ?
೨. "ಯೋಗ"ದಿಂದ ವಾಸ್ತು ಪರಿಮಾಣವನ್ನು ಮೀರುವುದೆಂದರೇನು? ಇಂದಿನ ಕಾಲದ ಎರಡು ಉದಾಹರಣೆಗಳನ್ನು ಕೊಡಿರಿ.
೩. ಶ್ಮಶ್ರುನವನೀತನಿಗೆ ಇದ್ದ ಮನೆ ಎಷ್ಟು? ಅವನ ಪರಿಗ್ರಹ ಎಷ್ಟು?
೪. ನಿಮ್ಮ ಮನೆಯಲ್ಲಿ ಕಳೆದ ಒಂದು ತಿಂಗಳಲ್ಲಿ ಯಾರೂ ಮಲಗದ, ಓದದ, ಜಪಿಸದ ಕೋಣೆ ಯಾವುದು? ಅದನ್ನು ಯಾರಿಗೆ ಉಪಯೋಗಕ್ಕೆ ಕೊಡಬಹುದು?
೫. ನಿಮ್ಮ ಕುಟುಂಬಕ್ಕೆ ಸಾಕಾಗುವ ವಿಸ್ತೀರ್ಣವನ್ನು ಮೇಲಿನ ಕ್ರಮದಂತೆ ಬರೆದು, ಮನೆಯವರೆಲ್ಲರೊಡನೆ ಚರ್ಚಿಸಿರಿ.